440 ರೂಪಾಯಿಗೆ ಆರು ಮಲ್ ಝಬಲಾ: ನಮ್ಮ ಕೂಸು ಬೆವರುಸಾಲೆ ದಾಟಿದ ಬೇಸಿಗೆ

ಹೋದ ಬೇಸಿಗೆಯಲ್ಲಿ ಮಗಳ ಬೆವರುಸಾಲೆಗೆ ಅಂತ ಮನೆಗೆ ಏನೇನು ತಂದೆವು ಎಂದು ಮೊನ್ನೆ ಕಪಾಟು ತೆಗೆದು ನೋಡಿದೆ. ಎರಡು ಡಬ್ಬ ಪೌಡರ್, ಒಂದು ಬಾಟಲಿ ಕ್ಯಾಲಮೈನ್ ಲೋಷನ್, ಒಂದು ಸೋಪು, ಆನ್‌ಲೈನ್‌ನಲ್ಲಿ ತರಿಸಿದ ಮೂರು ಫ್ರಾಕು, ಒಂದು ಏರ್ ಕೂಲರ್. ಇವೆಲ್ಲ ಆದಮೇಲೆ ನಮ್ಮ ಓಣಿಯ ಟೈಲರ್ ಅಕ್ಕ ಹೊಲಿದುಕೊಟ್ಟ ಆರು ಝಬಲಾ, ಅಂದರೆ ಎಳೆ ಕೂಸಿನ ಸಡಿಲ ಅಂಗಿ. ಎರಡು ಮೀಟರ್ ತೆಳು ಹತ್ತಿಯ ಮಲ್ ಬಟ್ಟೆಗೆ 200 ರೂಪಾಯಿ. ಹೊಲಿಗೆ ಒಂದಕ್ಕೆ 40ರಂತೆ 240. ಒಟ್ಟು 440 ರೂಪಾಯಿ. ಈ ಬರಹ ಮುಖ್ಯವಾಗಿ ಆ ಝಬಲಾಗಳ ಬಗ್ಗೆ. ಉಳಿದವುಗಳ ಬಗ್ಗೆಯೂ ಹೇಳುತ್ತೇನೆ, ಯಾಕೆಂದರೆ ಅವನ್ನೆಲ್ಲ ದಾಟಿಯೇ ನಾನು ಝಬಲಾಕ್ಕೆ ಬಂದೆ.

ನಮ್ಮದು ಸಿಂಧನೂರು. ರಾಯಚೂರು ಜಿಲ್ಲೆಯ ಬಿಸಿಲು ಕಂಡವರಿಗೆ ಹೆಚ್ಚು ಹೇಳಬೇಕಿಲ್ಲ. ಏಪ್ರಿಲ್ ಬಂತೆಂದರೆ ಮಧ್ಯಾಹ್ನ 41, 42 ಡಿಗ್ರಿ ಇಲ್ಲಿ ಸಾಮಾನ್ಯ. ಮಗಳು ಹುಟ್ಟಿದ್ದು ಫೆಬ್ರುವರಿಯಲ್ಲಿ. ಬಾಣಂತನಕ್ಕೆ ತವರುಮನೆಯಲ್ಲೇ ಇದ್ದೆ. ಮೊದಲ ಒಂದೂವರೆ ತಿಂಗಳು ಎಲ್ಲ ಚೆನ್ನಾಗಿತ್ತು. ಯುಗಾದಿ ಮುಗಿದ ವಾರ ಒಂದು ಬೆಳಿಗ್ಗೆ ಕುಲಾವಿ ಬಿಚ್ಚಿದಾಗ ಕತ್ತಿನ ಹಿಂದೆ ಸಣ್ಣ ಸಣ್ಣ ಕೆಂಪು ಗುಳ್ಳೆ ಕಂಡವು. ನವಣೆ ಕಾಳು ಚೆಲ್ಲಿದ ಹಾಗೆ. ಎರಡು ದಿನದಲ್ಲಿ ಕಂಕುಳು, ಸೊಂಟ, ಬೆನ್ನು. ಕೂಸು ಹಾಲು ಕುಡಿಯುವಾಗ ತಲೆ ಅತ್ತಿತ್ತ ಉಜ್ಜುತ್ತಿತ್ತು. ರಾತ್ರಿ ಅರ್ಧ ಗಂಟೆಗೊಮ್ಮೆ ಎದ್ದು ಅಳುತ್ತಿತ್ತು. ಮೊದಲ ಮಗು ಅಲ್ವಾ, ನನಗೆ ಕೈಕಾಲೇ ಆಡಲಿಲ್ಲ.

ನೋಡಲು ಬಂದವರೆಲ್ಲ ಒಂದೊಂದು ಹೇಳಿದರು. ಪಕ್ಕದ ಮನೆಯ ಅಮ್ಮ ಕದದಲ್ಲೇ ನಿಂತು "ಅಮ್ಮ ಬಂದಾಳ ನೋಡವ್ವ, ಸ್ನಾನ ಮಾಡಿಸಬ್ಯಾಡ್ರಿ" ಎಂದರು. ಸಿಡುಬಿನಂಥ ಗುಳ್ಳೆ ಎದ್ದರೆ ನಮ್ಮಲ್ಲಿ ಅಮ್ಮ ಬಂದಳು ಎನ್ನುತ್ತಾರೆ. ಅವತ್ತು ಬಾಗಿಲಿಗೆ ಬೇವಿನ ಎಲೆ ಸಿಕ್ಕಿಸಿದ್ದೂ ಆಯಿತು, ಸ್ನಾನ ನಿಲ್ಲಿಸಿದ್ದೂ ಆಯಿತು. ಬೇವಿನ ಎಲೆಯಿಂದ ತೊಂದರೆ ಇಲ್ಲ. ಆ ಸೆಕೆಯಲ್ಲಿ ಎರಡು ದಿನ ಸ್ನಾನವಿಲ್ಲದೆ ಮಗು ಬೆಂದುಹೋಯಿತು. ಅದನ್ನು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಮೊದಲು ಬಂದದ್ದು ಪೌಡರ್. ಸೆಕೆಗುಳ್ಳೆಗೆಂದೇ ಮಾರುವ, ಹಚ್ಚಿದರೆ ತಣ್ಣಗೆ ಅನಿಸುವ ಪೌಡರ್. ದೊಡ್ಡವರೆಲ್ಲ ಹಾಕಿಕೊಳ್ಳುತ್ತೇವಲ್ಲ, ಮಗುವಿಗೂ ಇರಲಿ ಅಂತ ನನ್ನ ಚಿಕ್ಕಪ್ಪ ತಂದುಕೊಟ್ಟರು. ಕತ್ತಿನ ಮಡಿಕೆಯಲ್ಲಿ, ಕಂಕುಳಲ್ಲಿ ಹಾಕಿದೆ. ಮೊದಲ ಹತ್ತು ನಿಮಿಷ ಮೈ ಒಣಗಿದ ಹಾಗೆ ಕಂಡಿತು. ಆಮೇಲೆ ಬೆವರು ಬಂದು, ಪೌಡರ್ ಅದರಲ್ಲಿ ಕಲಸಿ, ಸಂಜೆಗೆ ಮಡಿಕೆಯೊಳಗೆ ಬಿಳಿ ಹಿಟ್ಟಿನ ಹಾಗೆ ಗಟ್ಟಿಯಾಗಿ ಕೂತಿತ್ತು. ಒರೆಸಲು ಹೋದರೆ ಕೂಸು ಚೀರಿತು. ಕೆಳಗೆ ಚರ್ಮ ಇನ್ನೂ ಕೆಂಪಾಗಿತ್ತು. ಎರಡನೆಯ ಡಬ್ಬ ಮಕ್ಕಳಿಗೆಂದೇ ಮಾರುವಂಥದ್ದು. ಅದರಲ್ಲೂ ಇದೇ ಕತೆ.

ಆಮೇಲೆ ಫ್ರಾಕು. "ಶುದ್ಧ ಹತ್ತಿ" ಎಂದು ಬರೆದಿದ್ದ ಮೂರರ ಸೆಟ್ಟು, ಆನ್‌ಲೈನ್‌ನಲ್ಲಿ ತರಿಸಿದ್ದು. ಮುಟ್ಟಿದರೆ ಮೆತ್ತಗೆ, ಕಣ್ಣಿಗೆ ಚೆಂದ. ಹಾಕಿದ ಅರ್ಧ ಗಂಟೆಗೆ ಮಗುವಿನ ಬೆನ್ನು ಒದ್ದೆ, ಬಟ್ಟೆ ಮಾತ್ರ ಒಣ. ಬೆವರನ್ನು ಅದು ಹೀರಲೇ ಇಲ್ಲ. ಅನುಮಾನ ಬಂದು ಅಂಚಿನಿಂದ ಒಂದು ಎಳೆ ಕಿತ್ತು ಬೆಂಕಿಕಡ್ಡಿ ಹಚ್ಚಿದೆ. ಹತ್ತಿ ಎಳೆ ಕಾಗದದ ಹಾಗೆ ಉರಿದು ಬೂದಿಯಾಗುತ್ತದೆ. ಇದು ಸುರುಟಿಕೊಂಡು ಕರಗಿ, ತುದಿಯಲ್ಲಿ ಗಟ್ಟಿ ಮಣಿಯಾಯಿತು. ಅಂದರೆ ಪಾಲಿಯೆಸ್ಟರಿನಂಥ ಕೃತಕ ನೂಲು. ಮಾರಿದವರಿಗೆ ಬರೆದೆ, ಉತ್ತರ ಬರಲಿಲ್ಲ. ಮಕ್ಕಳ ಬಟ್ಟೆ ಕೊಳ್ಳುವವರು ಈ ಎಳೆಯ ಪರೀಕ್ಷೆಯನ್ನು ದಯವಿಟ್ಟು ಮಾಡಿ ನೋಡಿ. ಮಗುವನ್ನು ದೂರ ಮಲಗಿಸಿ, ಒಂದು ಎಳೆಯನ್ನಷ್ಟೇ ಸುಟ್ಟು ನೋಡಿದರೆ ಸಾಕು.

ನಾಲ್ಕನೆಯ ದಿನ ಕತ್ತಿನ ಹಿಂದಿನ ಎರಡು ಗುಳ್ಳೆಯಲ್ಲಿ ಕೀವು ಕಂಡಿತು. ಇನ್ನು ತಡೆಯಲಾಗಲಿಲ್ಲ. ಮಕ್ಕಳ ಡಾಕ್ಟರ್ ಹತ್ತಿರ ಹೋದೆವು. ಅವರು ಮಗುವನ್ನು ಪೂರ್ತಿ ಬಿಚ್ಚಿಸಿ ಫ್ಯಾನಿನ ಕೆಳಗೆ ಮಲಗಿಸಿದರು. ಅಂಗೈ, ಅಂಗಾಲು ನೋಡಿದರು. ಅಲ್ಲಿ ಒಂದೂ ಗುಳ್ಳೆ ಇರಲಿಲ್ಲ. ಜ್ವರವೂ ಇರಲಿಲ್ಲ. "ಇದು ಅಮ್ಮ ಅಲ್ಲ, ಬೆವರುಸಾಲೆ" ಎಂದರು. ಎಷ್ಟು ಬಟ್ಟೆ ಹಾಕಿದ್ದಿರಿ ಅಂತ ಎಣಿಸಿದರು. ಕುಲಾವಿ, ಕೈಗವಸು, ಕಾಲುಚೀಲ, ಫ್ರಾಕು, ಒಳಗೊಂದು ಬನಿಯನ್, ಡೈಪರ್, ಮೇಲೆ ಕುಂಚಿಗೆ. ಏಳು. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳುವವಳು. ಆ ಏಳು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಡಾಕ್ಟರ್ ಬಿಡಿಸಿ ಹೇಳಿದ್ದನ್ನು ನನಗೆ ತಿಳಿದ ಹಾಗೆ ಹೇಳುತ್ತೇನೆ. ಬೆವರು ಚರ್ಮದ ಒಳಗಿನ ಗ್ರಂಥಿಯಲ್ಲಿ ಹುಟ್ಟಿ, ಕೂದಲೆಳೆಗಿಂತ ಸಣ್ಣ ನಾಳದಲ್ಲಿ ಮೇಲೆ ಬರುತ್ತದೆ. ಹಸುಗೂಸುಗಳಲ್ಲಿ ಈ ನಾಳಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ. ಸೆಕೆಯಲ್ಲಿ ಬೆವರು ಜಾಸ್ತಿ ಬಂದು, ಚರ್ಮ ಸದಾ ಒದ್ದೆಯಾಗಿದ್ದು, ಮೇಲೆ ಬಟ್ಟೆಯೋ ಎಣ್ಣೆಯೋ ಮುಚ್ಚಿದ್ದರೆ ನಾಳದ ಬಾಯಿ ಕಟ್ಟಿಕೊಳ್ಳುತ್ತದೆ. ನಮ್ಮ ಚರ್ಮದ ಮೇಲೆ ಸದಾ ಇರುವ ಬ್ಯಾಕ್ಟೀರಿಯಾಗಳ ಅಂಟು ಕೂಡ ಇದಕ್ಕೆ ಸೇರುತ್ತದೆ. ಬೆವರು ಹುಟ್ಟುವುದು ನಿಲ್ಲುವುದಿಲ್ಲ. ದಾರಿ ಸಿಗದೆ ಚರ್ಮದೊಳಗೇ ಸೋರುತ್ತದೆ. ನಾವು ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಂಡವರು. ಉಪಕಾಲುವೆಯಲ್ಲಿ ಹೂಳು ತುಂಬಿದರೆ ನೀರು ಏನು ಮಾಡುತ್ತದೆ ಅಂತ ನಮ್ಮೂರಿನಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ. ದಂಡೆ ಒಡೆದು ಬೇಡದ ಕಡೆ ಹರಿಯುತ್ತದೆ. ಮಗುವಿನ ಮೈಯಲ್ಲೂ ಅದೇ ಆಗಿತ್ತು.

ಎಷ್ಟು ಆಳದಲ್ಲಿ ಕಟ್ಟಿಕೊಂಡಿದೆ ಅನ್ನುವುದರ ಮೇಲೆ ಗುಳ್ಳೆಯ ರೂಪ. ತೀರಾ ಮೇಲಿನ ಪದರದಲ್ಲಾದರೆ ಇಬ್ಬನಿ ಹನಿಯಂಥ ತಿಳಿನೀರಿನ ಗುಳ್ಳೆ. ಕೆಂಪಿಲ್ಲ, ತುರಿಕೆಯಿಲ್ಲ, ಒರೆಸಿದರೆ ಒಡೆಯುತ್ತದೆ. ಹುಟ್ಟಿದ ಮೊದಲ ವಾರಗಳಲ್ಲಿ ಇದು ಹೆಚ್ಚು. ಸ್ವಲ್ಪ ಕೆಳಗಾದರೆ ನಮ್ಮ ಮಗಳಿಗೆ ಬಂದಂಥ ಕೆಂಪು, ತುರಿಸುವ ಗುಳ್ಳೆ. ಅದೇ ಕೆಲವೊಮ್ಮೆ ಕೀವು ತುಂಬಿಕೊಂಡು ಕಾಣುತ್ತದೆ. ಡಾಕ್ಟರುಗಳು ಇದಕ್ಕೆ ಮಿಲಿಯೇರಿಯಾ ಎನ್ನುತ್ತಾರೆ. ಆಮೇಲೆ ಓದಿದಾಗ ಗೊತ್ತಾಯಿತು, ಲ್ಯಾಟಿನ್‌ನಲ್ಲಿ ಮಿಲಿಯಂ ಅಂದರೆ ಸಿರಿಧಾನ್ಯ, ನಮ್ಮ ಬರಗು. ಮೊದಲ ದಿನ ನನಗೆ ನವಣೆ ಕಾಳು ನೆನಪಾದದ್ದು ಸುಮ್ನೆ ಅಲ್ಲ.

ಕೀವಿದ್ದ ಜಾಗಕ್ಕೆ ಐದು ದಿನ ಹಚ್ಚಲು ಒಂದು ಮುಲಾಮು ಬರೆದರು. ತುರಿಕೆಗೆ ಕ್ಯಾಲಮೈನ್ ಲೋಷನ್. ಪೌಡರ್ ಬೇಡವೇ ಬೇಡ ಎಂದರು. ಪೌಡರಿನ ಸಣ್ಣ ದೂಳು ಮಗುವಿನ ಉಸಿರಿನ ಜೊತೆ ಶ್ವಾಸಕೋಶಕ್ಕೆ ಹೋಗುತ್ತದೆ. ತಂಪಿನ ಪೌಡರಿನಲ್ಲಿ ಕರ್ಪೂರ, ಮೆಂಥಾಲ್ ಇರುತ್ತದೆ. ಎಳೆ ಕೂಸಿಗೆ ಅವು ಉಸಿರಾಟದ ತೊಂದರೆ ತರಬಲ್ಲವು. ಬೋರಿಕ್ ಆಸಿಡ್ ಇರುವ ಪೌಡರ್ ಆದರೆ ಕಿತ್ತುಹೋದ ಚರ್ಮದ ಮೂಲಕ ಮೈಯೊಳಗೆ ಇಳಿದು ವಿಷವಾಗಬಹುದು. ಏನೇನು ಸೇರಿಸಿದ್ದಾರೆ ಅಂತ ಡಬ್ಬದ ಹಿಂದೆ ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಾನು ಅಲ್ಲಿಯವರೆಗೆ ಓದಿರಲಿಲ್ಲ. ಮಗು ಹುಟ್ಟಿದ ಮನೆಗೆ ಹೋಗುವಾಗ ಪೌಡರ್ ಡಬ್ಬ ಒಯ್ಯುವುದು ನಮ್ಮಲ್ಲಿ ಪ್ರೀತಿಯ ಪದ್ಧತಿ. ಇನ್ನು ಮೇಲೆ ನಾನು ಒಯ್ಯುವುದಿಲ್ಲ. ಬೇಬಿ ಪೌಡರ್ ಅಂದರೆ ನಮಗೆಲ್ಲ ನೆನಪಾಗುವ ಜಾನ್ಸನ್ ಅಂಡ್ ಜಾನ್ಸನ್ ಕಂಪನಿಯೇ ಟಾಲ್ಕ್ ಎಂಬ ಖನಿಜದ ಪೌಡರನ್ನು 2020ರಲ್ಲಿ ಅಮೆರಿಕ ಮತ್ತು ಕೆನಡಾದಲ್ಲಿ ನಿಲ್ಲಿಸಿತು. 2023ರಲ್ಲಿ ಎಲ್ಲ ದೇಶಗಳಲ್ಲೂ ನಿಲ್ಲಿಸುವುದಾಗಿ 2022ರಲ್ಲಿ ಹೇಳಿ, ಮೆಕ್ಕೆಜೋಳದ ಪಿಷ್ಟಕ್ಕೆ ಬದಲಾಯಿಸಿತು. ಪಿಷ್ಟವಾದರೂ ದೂಳು ದೂಳೇ ಅಲ್ವಾ.

ಕ್ಯಾಲಮೈನ್ ಬಗ್ಗೆ ನನ್ನ ಅಭಿಪ್ರಾಯ ಒಳ್ಳೆಯದೇ. ಅದು ಸತುವಿನ ಆಕ್ಸೈಡ್, ಜೊತೆಗೆ ಚೂರು ಕಬ್ಬಿಣದ ಆಕ್ಸೈಡ್. ಆ ಗುಲಾಬಿ ಬಣ್ಣ ಕಬ್ಬಿಣದ್ದು. ಬಾಟಲಿಯನ್ನು ಚೆನ್ನಾಗಿ ಅಲ್ಲಾಡಿಸಿ, ಹತ್ತಿಯಲ್ಲಿ ಅದ್ದಿ, ಉಜ್ಜದೆ ಒತ್ತಿ ಒತ್ತಿ ಹಚ್ಚಬೇಕು. ಕಣ್ಣು, ಬಾಯಿ, ಕೂಸು ಚೀಪುವ ಕೈ, ಇವುಗಳ ಹತ್ತಿರ ಬೇಡ. ಹಚ್ಚಿದ ಮೇಲೆ ತುರಿಕೆ ಕಡಿಮೆಯಾಗಿ ಮಗು ಎರಡು ಗಂಟೆ ಒಂದೇ ಸಮನೆ ಮಲಗಿತು. ಆ ಎರಡು ಗಂಟೆಗೆ ನಾನು ಆ ಬಾಟಲಿಗೆ ಋಣಿ. ಆದರೆ ಹಳೆಯ ಗುಳ್ಳೆ ಒಣಗುತ್ತಿದ್ದ ಹಾಗೆ ಪಕ್ಕದಲ್ಲೇ ಹೊಸದು ಏಳುತ್ತಿತ್ತು. ತುರಿಕೆಗೆ ಅದು ಸರಿ. ಗುಳ್ಳೆ ಹುಟ್ಟುವ ಕಾರಣಕ್ಕೆ ಅದರಲ್ಲಿ ಮದ್ದಿಲ್ಲ.

ಆ ಕಾರಣ ಹುಡುಕಿದ್ದು ನನ್ನ ನೋಟ್‌ಬುಕ್ಕಿನ ಒಂದು ಹಾಳೆ. ಡಾಕ್ಟರ್ ಹತ್ತಿರದಿಂದ ಬಂದ ರಾತ್ರಿ ಕೂಸಿನ ಮೈಯ ಚಿತ್ರ ಬರೆದು, ಗುಳ್ಳೆ ಇದ್ದ ಕಡೆಯೆಲ್ಲ ಚುಕ್ಕೆ ಇಟ್ಟೆ. ಕತ್ತಿನ ಹಿಂದೆ: ಕುಲಾವಿಯ ದಾರ ಕಟ್ಟುವ ಜಾಗ. ಸೊಂಟದ ಸುತ್ತ ಪಟ್ಟಿಯ ಹಾಗೆ: ಡೈಪರಿನ ಇಲಾಸ್ಟಿಕ್. ಬೆನ್ನಿನ ನಡುವೆ ದೊಡ್ಡ ಮಚ್ಚೆ: ಹಾಸಿಗೆ ಒದ್ದೆಯಾಗಬಾರದು ಅಂತ ಹಾಸಿದ ರಬ್ಬರ್ ಶೀಟು. ಎಡಗೆನ್ನೆಯ ಕೆಳಗೆ: ಹಾಲು ಕುಡಿಸುವಾಗ ನನ್ನ ತೋಳಿಗೆ ಅಂಟುವ ಜಾಗ. ತಲೆಯ ಸುಳಿಯ ಹತ್ತಿರ: ಔಡಲೆಣ್ಣೆ ಹಾಕುವ ಜಾಗ. ಹೊಟ್ಟೆಯ ಮೇಲೆ ಮತ್ತು ಮೊಣಕಾಲಲ್ಲಿ ಒಂದೂ ಇಲ್ಲ. ಎಲ್ಲಿ ನಾವು ಗಾಳಿಯಾಡದ ಹಾಗೆ ಮುಚ್ಚಿದ್ದೆವೋ ಅಲ್ಲೇ ಗುಳ್ಳೆ. ಹಾಳೆ ನೋಡುತ್ತ ಕೂತಾಗ ತಿಳಿಯಿತು, ಏನು ಹಚ್ಚಬೇಕು ಅಂತ ಕೇಳುತ್ತ ನಾಲ್ಕು ದಿನ ಕಳೆದುಬಿಟ್ಟಿದ್ದೆ. ಏನು ತೆಗೆಯಬೇಕು ಅಂತ ಒಮ್ಮೆಯೂ ಕೇಳಿರಲಿಲ್ಲ.

ಅವ್ವನನ್ನು ಒಪ್ಪಿಸುವುದು ಕಷ್ಟವಾಯಿತು. ಬಾಣಂತಿ ಕೋಣೆಗೆ ಗಾಳಿ ಬರಬಾರದು, ಕೂಸಿನ ಕಿವಿ ಮುಚ್ಚಿರಬೇಕು, ದಿನಾ ಎಣ್ಣೆ ತಿಕ್ಕಿ ಕಾದ ನೀರು ಹೊಯ್ಯಬೇಕು, ಆಮೇಲೆ ಲೋಬಾನದ ಹೊಗೆ. ಅವಳು ಇದನ್ನೆಲ್ಲ ಪ್ರೀತಿಯಿಂದಲೇ ಮಾಡುತ್ತಿದ್ದಳು, ಬೆಳಿಗ್ಗೆ ಐದಕ್ಕೆ ಎದ್ದು ನೀರು ಕಾಯಿಸಿ. ಕೂಸಿನ ಪಾದ ಮುಟ್ಟಿ "ಕಾಲು ತಣ್ಣಗದಾವ" ಎಂದು ಕಾಲುಚೀಲ ಹಾಕುತ್ತಿದ್ದಳು. ಡಾಕ್ಟರ್ ಹೇಳಿದ್ದನ್ನು ಅವಳ ಕೈ ಹಿಡಿದೇ ತೋರಿಸಿದೆ. ಎಳೆ ಮಕ್ಕಳ ಕೈಕಾಲು ಸಾಮಾನ್ಯವಾಗಿ ತಣ್ಣಗೇ ಇರುತ್ತವೆ. ಸೆಕೆ ಆಗಿದೆಯೋ ಇಲ್ಲವೋ ತಿಳಿಯಲು ಕತ್ತಿನ ಹಿಂದೆಯೋ ಎದೆಯ ಮೇಲೋ ಕೈ ಇಡಬೇಕು. ಅವ್ವ ಕುಲಾವಿಯ ಕೆಳಗೆ ಬೆರಳು ತೂರಿಸಿದಳು. ಬೆರಳು ಒದ್ದೆಯಾಗಿ ಬಂತು. ತುಸು ಹೊತ್ತು ಏನೂ ಮಾತಾಡಲಿಲ್ಲ.

ಆಮೇಲೆ ಅವಳೇ ಹೇಳಿದಳು. "ಆವಾಗ ಮಾಳಿಗಿ ಮನಿ ಇತ್ತವ್ವ, ಮ್ಯಾಲ ಮಣ್ಣು. ಬ್ಯಾಸಗ್ಯಾಗ ಒಳಗ ಬಂದ್ರ ತಂಪು ಇರ್ತಿತ್ತು. ಈ ಸ್ಲ್ಯಾಬು ಹಗಲೆಲ್ಲ ಕಾದು ರಾತ್ರಿ ಕಾವು ಬಿಡ್ತದ." ಎಷ್ಟು ಸರಿಯಾದ ಮಾತು. ಮಣ್ಣಿನ ಮಾಳಿಗೆಯ, ದಪ್ಪ ಗೋಡೆಯ ಮನೆಯಲ್ಲಿ ಕದ ಮುಚ್ಚಿದ ಕೋಣೆ ಒಂದು ಥರ. ಸಿಮೆಂಟಿನ ಛತ್ತಿನ ಕೆಳಗೆ ಕದ ಮುಚ್ಚಿದ ಕೋಣೆ ಇನ್ನೊಂದು ಥರ. ಪದ್ಧತಿ ಅದೇ ಉಳಿಯಿತು, ಮನೆ ಬದಲಾಯಿತು. ಇನ್ನೂ ಒಂದು ಹೇಳಿದಳು. ನಮ್ಮಣ್ಣ ಹುಟ್ಟಿದ್ದೂ ಬೇಸಿಗೆಗೇ. ಅಜ್ಜನ ಹಳೆ ಧೋತರ ಹರಿದು ಅವಳೇ ಕೈಯಲ್ಲಿ ಝಬಲಾ ಹೊಲಿದಿದ್ದಳಂತೆ. ಮಧ್ಯಾಹ್ನ ಅದೂ ಇಲ್ಲ. ಬೇವಿನ ಮರದ ಕೆಳಗೆ ತೊಟ್ಟಿಲಲ್ಲಿ, ಮೈಮೇಲೆ ಉಡದಾರ ಒಂದೇ.

ಮರುದಿನ ಟೈಲರ್ ಅಕ್ಕನ ಮನೆಗೆ ಹೋದೆ. ನಮ್ಮ ಮನೆಯಿಂದ ನಾಲ್ಕನೆಯ ಬಾಗಿಲು. ಮುಂಗೋಣೆಯಲ್ಲಿ ಒಂದು ಮಿಷನ್ನು, ಗೋಡೆಗೆ ನೇತುಹಾಕಿದ ಬ್ಲೌಸುಗಳು. ಅಳತೆಗೆ ಅಂತ ಮಗುವನ್ನು ಕರೆದುಕೊಂಡು ಬರಬೇಡ ಎಂದರು, ಒಂದು ಹಳೆ ಅಂಗಿ ಕೊಟ್ಟರೆ ಸಾಕು. ಬಟ್ಟೆ ಅವರೇ ತರಿಸುತ್ತಾರೆ. ಮಲ್ ಅಂದರೆ ತೀರಾ ತೆಳುವಾದ ಹತ್ತಿ ಬಟ್ಟೆ. ಕೆಳಗೆ ಬೆರಳಿಟ್ಟು ಬೆಳಕಿಗೆ ಹಿಡಿದರೆ ಬೆರಳು ಕಾಣುತ್ತದೆ. ಬಾಯಿಟ್ಟು ಊದಿದರೆ ಗಾಳಿ ಆಚೆ ಹೋಗುತ್ತದೆ. ಒಂದು ಹನಿ ನೀರು ಬಿಟ್ಟು ನೋಡಿದೆ. ಬಿದ್ದ ಕೂಡಲೇ ಹೀರಿ ಹರಡಿಕೊಂಡಿತು. ಅದೇ ಹನಿ ನಮ್ಮ ಫ್ರಾಕಿನ ಮೇಲೆ ಕೆಸುವಿನೆಲೆಯ ಮೇಲೆ ನಿಂತ ಹಾಗೆ ನಿಂತಿತ್ತು. ಬಿಳಿ ಬಟ್ಟೆಯೇ ಇರಲಿ ಎಂದೆ. ಬಣ್ಣದ್ದು ಬೇಕೆಂದರೂ ಇದೆ, ಆದರೆ ಮೊದಲೆರಡು ಒಗೆತಕ್ಕೆ ಬಣ್ಣ ಬಿಡುತ್ತದೆ ಎಂದು ಅವರೇ ಹೇಳಿದರು. ಹೇಳಿ ಮಾರುವವರ ಮೇಲೆ ನಂಬಿಕೆ ಬರುತ್ತದೆ.

ಮೂರು ದಿನಕ್ಕೆ ಆರು ಝಬಲಾ ಬಂದವು. ಮುಂದೆ ಪೂರ್ತಿ ತೆರೆಯುತ್ತವೆ. ಗುಂಡಿ ಇಲ್ಲ, ಇಲಾಸ್ಟಿಕ್ ಇಲ್ಲ. ಎದೆಯ ಹತ್ತಿರ ಎರಡು ಜೊತೆ ಸಣ್ಣ ದಾರ. ತೋಳಿಲ್ಲ, ಕಂಕುಳಿನ ಕತ್ತರಿ ಅಗಲ. ಹೊಲಿಗೆಯ ಅಂಚು ಹೊರಗಡೆಗೆ ಇದೆ. ನೋಡುವವರಿಗೆ ಉಲ್ಟಾ ಹಾಕಿದ ಹಾಗೆ ಕಾಣುತ್ತದೆ, ಮಗುವಿನ ಚರ್ಮಕ್ಕೆ ಮಾತ್ರ ಒಂದೂ ಎಳೆ ಚುಚ್ಚುವುದಿಲ್ಲ. ಈ ಒಂದು ಉಪಾಯಕ್ಕೇ ಅಕ್ಕನಿಗೆ ನೂರು ಅಂಕ ಕೊಡಬೇಕು. ಹಾಕಿಸುವುದು ತುಂಬ ಸುಲಭ. ಹಾಸಿ, ಮೇಲೆ ಮಲಗಿಸಿ, ಕೈ ತೂರಿಸಿ ಕಟ್ಟಿದರೆ ಮುಗಿಯಿತು. ಕತ್ತಿನ ಮೇಲಿಂದ ಎಳೆಯುವ ಅಂಗಿ ಆದರೆ ಗುಳ್ಳೆಯ ಮೇಲೆ ಉಜ್ಜಿ ಉಜ್ಜಿ ಕೂಸು ಅಳುತ್ತಿತ್ತು.

ಹೊಸ ಮಲ್ ಬಟ್ಟೆಗೆ ಗಂಜಿ ಹಾಕಿರುತ್ತಾರೆ. ತಂದ ಹಾಗೇ ಹಾಕಬಾರದು. ರಾತ್ರಿ ನೀರಲ್ಲಿ ನೆನೆಸಿ, ಬೆಳಿಗ್ಗೆ ಒಗೆದು, ಹೀಗೆ ಮೂರು ಸಲ ಮಾಡಿದ ಮೇಲೆ ಮೆತ್ತಗಾಯಿತು. ಸೋಪು ಚೂರೂ ಉಳಿಯದ ಹಾಗೆ ಜಾಲಾಡಿಸಬೇಕು. ನಮ್ಮ ಬಿಸಿಲಿಗೆ ಒಣಗಲು ಹತ್ತೇ ನಿಮಿಷ. ಹಾಗಾಗಿ ಆರು ಸಾಕಾದವು. ದಿನಕ್ಕೆ ನಾಲ್ಕು ಸಲ ಬದಲಾಯಿಸುತ್ತಿದ್ದೆ. ಕತ್ತಿನ ಹಿಂದೆ ಒದ್ದೆ ಕಂಡ ಕೂಡಲೇ ಬೇರೆ.

ಝಬಲಾ ಒಂದರಿಂದಲೇ ವಾಸಿಯಾಯಿತು ಎಂದರೆ ಸುಳ್ಳಾಗುತ್ತದೆ. ಅದರ ಜೊತೆ ಬೇರೆಯವನ್ನೂ ತೆಗೆದೆವು. ಹಗಲು ಡೈಪರ್ ಬದಲು ಹಳೆ ಪಂಚೆಯ ಲಂಗೋಟಿ, ಅದೂ ಸಡಿಲ. ರಬ್ಬರ್ ಶೀಟಿನ ಮೇಲೆ ನಾಲ್ಕು ಮಡಿಕೆ ಹತ್ತಿ ಸೀರೆ, ಅವ್ವನದೇ. ಕೌದಿ ಪೆಟ್ಟಿಗೆಗೆ ಹೋಯಿತು. ಎಣ್ಣೆ ನಿಂತಿತು. ಕಾದ ನೀರಿನ ಬದಲು ಉಗುರುಬೆಚ್ಚಗಿನ ನೀರು, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಮಧ್ಯಾಹ್ನ ಒದ್ದೆ ಬಟ್ಟೆಯಿಂದ ಮಡಿಕೆಗಳನ್ನು ಒತ್ತಿ ಒರೆಸಿ, ಹಾಗೇ ಐದು ನಿಮಿಷ ಬರಿಮೈಯಲ್ಲಿ ಫ್ಯಾನಿನ ಕೆಳಗೆ. ಆ ಐದು ನಿಮಿಷ ಮಗು ಕೈಕಾಲು ಬಡಿದು ನಗುತ್ತಿತ್ತು. ಹಾಲು ಕುಡಿಸುವಾಗ ನನ್ನ ತೋಳಿನ ಮೇಲೆ ಮಲ್ ಬಟ್ಟೆಯ ಉಳಿದ ತುಂಡು ಹಾಸಿಕೊಳ್ಳುತ್ತಿದ್ದೆ. ಅದನ್ನೂ ಅಕ್ಕನೇ ಎಸೆಯದೆ ಇಟ್ಟು ಕೊಟ್ಟಿದ್ದರು.

ಕೆಲವರು ಕಲ್ಲುಸಕ್ಕರೆ ನೀರು ಕುಡಿಸಿ, ಉಷ್ಣ ಇಳಿಯುತ್ತದೆ ಎಂದರು. ಆರು ತಿಂಗಳೊಳಗಿನ ಕೂಸಿಗೆ ಬೇಸಿಗೆಯಲ್ಲೂ ತಾಯಿಯ ಹಾಲೇ ಸಾಕು, ನೀರು ಬೇಡ ಅಂತ ಡಾಕ್ಟರ್ ಖಡಾಖಂಡಿತ ಹೇಳಿದ್ದರು. ಸೆಕೆಗೆ ಕೂಸು ಜಾಸ್ತಿ ಸಲ ಹಾಲು ಕೇಳುತ್ತದೆ, ಕೊಡಬೇಕು, ನೀರು ಕುಡಿಯಬೇಕಾದದ್ದು ತಾಯಿ. ನಾನು ಮಜ್ಜಿಗೆ, ನೀರು ಹೊಟ್ಟೆ ತುಂಬ ಕುಡಿದೆ.

ಕೂಲರ್ ಬಗ್ಗೆ ಎರಡು ಮಾತು. ತಂದ ಮೊದಲ ದಿನ ಕೋಣೆಯ ಕಿಟಕಿ, ಕದ ಎಲ್ಲ ಮುಚ್ಚಿ ಹಚ್ಚಿದೆವು. ಒಂದು ಗಂಟೆಯಲ್ಲಿ ಕೋಣೆ ಜಿಗಿಜಿಗಿ. ಕೂಲರ್ ನೀರನ್ನು ಆವಿ ಮಾಡಿಯೇ ತಂಪು ಕೊಡುವುದು. ಆ ತೇವ ಹೊರಗೆ ಹೋಗದಿದ್ದರೆ ಬೆವರು ಆರುವುದಿಲ್ಲ. ಕೂಲರನ್ನು ಕಿಟಕಿಗೆ ಇಟ್ಟು, ಎದುರಿನ ಕಿಟಕಿ ತೆರೆದ ಮೇಲೆ ಸರಿಹೋಯಿತು. ಗಾಳಿ ನೇರವಾಗಿ ಕೂಸಿಗೆ ಬಡಿಯದ ಹಾಗೆ ತೊಟ್ಟಿಲು ಓರೆಯಾಗಿ ಇಟ್ಟೆವು. ಮಧ್ಯಾಹ್ನ ಕರೆಂಟು ಹೋದಾಗ ಅವ್ವ ಬೀಸಣಿಗೆ ಹಿಡಿದು ಕೂರುತ್ತಿದ್ದಳು. ಗಾಳಿ ತಗುಲಬಾರದು ಅಂತಿದ್ದವಳೇ ಗಂಟೆಗಟ್ಟಲೆ ಬೀಸಿದಳು.

ಝಬಲಾ ಹಾಕಿದ ಮೂರನೆಯ ದಿನಕ್ಕೆ ಹೊಸ ಗುಳ್ಳೆ ಏಳುವುದು ನಿಂತಿತು. ನನ್ನ ಹಾಳೆಯಲ್ಲಿ ಆ ದಿನದ ಚಿತ್ರಕ್ಕೆ ಒಂದೂ ಹೊಸ ಚುಕ್ಕೆ ಇಲ್ಲ. ವಾರಕ್ಕೆ ಕೆಂಪು ಇಳಿದು, ಸೊಂಟದ ಸುತ್ತ ಚರ್ಮ ಹೊಟ್ಟಿನ ಹಾಗೆ ಎದ್ದುಬಂದು ನುಣ್ಣಗಾಯಿತು. ಮೇ ತಿಂಗಳಲ್ಲಿ ಒಂದು ಮದುವೆಗೆ ಹೋದಾಗ, ಎಲ್ಲರೂ ನೋಡುತ್ತಾರೆ ಅಂತ ಜರಿಯ ಫ್ರಾಕು ಹಾಕಿಸಿದೆ. ಎರಡು ಗಂಟೆ ಅಷ್ಟೇ. ಸಂಜೆಗೆ ಕತ್ತಿನ ಸುತ್ತ ಮತ್ತೆ ಬಂತು. ಝಬಲಾಕ್ಕೆ ಮರಳಿದೆ, ಎರಡು ದಿನದಲ್ಲಿ ಹೋಯಿತು.

ಈಗ ಕೊರತೆಗಳು. ಮೊದಲ ಒಗೆತಕ್ಕೆ ಒಂದು ಇಂಚು ಕುಗ್ಗಿತು. ಬಟ್ಟೆಯನ್ನು ನೆನೆಸಿ ಒಣಗಿಸಿ ಆಮೇಲೆ ಕತ್ತರಿಸಿದ್ದರೆ ಇದು ತಪ್ಪುತ್ತಿತ್ತು. ಎರಡು ಝಬಲಾಗಳ ಕತ್ತಿಗೆ ಅಕ್ಕ ಚೆಂದಕ್ಕೆ ಅಂತ ದಪ್ಪ ಪೈಪಿಂಗ್ ಕೊಟ್ಟಿದ್ದರು. ಅದು ಬೆವರಿಗೆ ಒದ್ದೆಯಾಗಿ ಹಾಗೇ ಉಳಿಯುತ್ತಿತ್ತು. ಹೇಳಿದ ಕೂಡಲೇ ಬಿಚ್ಚಿಕೊಟ್ಟರು, ದುಡ್ಡು ತೆಗೆದುಕೊಳ್ಳಲಿಲ್ಲ. ದಾರ ಮೊದಲು ತುಂಬ ಉದ್ದ ಇತ್ತು. ಉದ್ದದ ದಾರ ಮಗುವಿನ ಬೆರಳಿಗೋ ಕತ್ತಿಗೋ ಸುತ್ತಿಕೊಂಡರೆ ಅಪಾಯ. ಗಂಟು ಹಾಕಲು ಬೇಕಾದಷ್ಟೇ ಬಿಟ್ಟು ಕತ್ತರಿಸಿಬಿಡಿ. ನಾಲ್ಕು ತಿಂಗಳಾದ ಮೇಲೆ ಮಗು ದಾರವನ್ನು ಬಾಯಿಗೆ ಎಳೆಯಲು ಶುರು ಮಾಡಿತು, ಆಗ ದಾರ ತೆಗೆಸಿ ಪಕ್ಕಕ್ಕೆ ಒಂದು ಚಪ್ಪಟೆ ಟಿಚ್‌ಬಟನ್ ಹಾಕಿಸಿದೆ. ಬಟ್ಟೆ ತೆಳು, ಆದ್ದರಿಂದ ಬಾಳಿಕೆ ಕಡಿಮೆ. ಮೂರು ತಿಂಗಳಿಗೆ ಎರಡರ ಕಂಕುಳು ಹರಿಯಿತು. ಚಳಿಗಾಲಕ್ಕೆ ಇದು ಆಗದು. ಇಷ್ಟನ್ನೂ ಲೆಕ್ಕ ಹಾಕಿ ಅಂಕ ಕೊಡು ಎಂದರೆ 100ಕ್ಕೆ 85 ಕೊಡುತ್ತೇನೆ.

ದೊಡ್ಡ ಮಕ್ಕಳಿಗೂ ಇದು ಬರುತ್ತದೆ. ಅಣ್ಣನ ಮಗನಿಗೆ ಆರು ವರ್ಷ. ರಜೆಯಲ್ಲಿ ಬೆಳಗಿನಿಂದ ಸಂಜೆವರೆಗೆ ಪಾಲಿಯೆಸ್ಟರಿನ ಕ್ರಿಕೆಟ್ ಜೆರ್ಸಿ, ಮೈಗೆ ಅಂಟಿಕೊಂಡೇ ಇರುತ್ತದೆ. ಬೆನ್ನೆಲ್ಲ ಗುಳ್ಳೆ, ಕೆರೆದು ಕೆರೆದು ಗಾಯ. ಅವನಿಗೂ ಅಕ್ಕ ಮಲ್‌ನಲ್ಲೇ ಎರಡು ಸಡಿಲ ಕೈಬನಿಯನ್ ಹೊಲಿದರು. ಉಗುರು ಕತ್ತರಿಸಿದೆವು. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರವರೆಗೆ ಆಟ ನೆರಳಲ್ಲಿ. ಅವ್ವ ತಾಟಿನುಂಗು ತಂದು ಅದರ ಸಿಪ್ಪೆಯ ಒಳಮೈಯನ್ನು ಅವನ ಬೆನ್ನಿಗೆ ಸವರಿದಳು. ತಣ್ಣಗೆ ಅನಿಸಿತೆಂದು ಅವನು ದಿನಾ ಕೇಳುತ್ತಿದ್ದ. ಎಳೆ ಕೂಸಿಗೆ ಮಾತ್ರ ಅದನ್ನು ಹಚ್ಚಲು ನಾನು ಬಿಡಲಿಲ್ಲ.

ಡಾಕ್ಟರ್ ಹೇಳಿಕೊಟ್ಟ ಒಂದನ್ನು ಇಲ್ಲಿ ಬರೆಯಲೇಬೇಕು. ಗುಳ್ಳೆಯ ಜೊತೆ ಜ್ವರ ಬಂದರೆ, ಕೀವು ತುಂಬಿದರೆ, ಸುತ್ತ ಬಿಸಿಯಾಗಿ ಊದಿಕೊಂಡರೆ, ಕೂಸು ಹಾಲು ಬಿಟ್ಟು ಮಂಕಾದರೆ, ತಂಪು ಮಾಡಿದರೂ ಮೂರು ದಿನದಲ್ಲಿ ಇಳಿಯದಿದ್ದರೆ, ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ನಾನು ನಾಲ್ಕು ದಿನ ಕಳೆದೆ. ನೀವು ಕಳೆಯಬೇಡಿ.

ಆರರಲ್ಲಿ ನಾಲ್ಕು ಝಬಲಾ ಇನ್ನೂ ಇವೆ, ಒಗೆದು ಮಡಿಚಿ ಇಟ್ಟಿದ್ದೇನೆ. ಹರಿದ ಎರಡನ್ನು ಮಗಳ ಮುಖ ಒರೆಸಲು ಬಳಸುತ್ತೇನೆ, ಅಷ್ಟು ಮೆತ್ತಗಾಗಿವೆ. ನನ್ನ ತಂಗಿಗೆ ಈಗ ಏಳು ತಿಂಗಳು, ದಿನ ತುಂಬುವುದು ಏಪ್ರಿಲ್‌ನಲ್ಲಿ. ಮೊನ್ನೆ ಅವ್ವನೇ ಟೈಲರ್ ಅಕ್ಕನ ಮನೆಗೆ ಹೋಗಿ ಎಂಟು ಝಬಲಾಕ್ಕೆ ಹೇಳಿಬಂದಿದ್ದಾಳೆ. ಬಟ್ಟೆ ಮೊದಲು ನೆನೆಸಿ ಒಣಗಿಸಿ, ಕಂಕುಳು ಅರ್ಧ ಇಂಚು ಅಗಲ ಬಿಡಿ, ಪೈಪಿಂಗ್ ಬ್ಯಾಡ ಅಂತ ಎರಡೆರಡು ಸಲ ಹೇಳಿದಳಂತೆ.